ತಾಡಪತ್ರಿಯ ಮೇಲಿನ ಕಳ್ಳ

ವಿಜಯಪುರದ ಕಾಲೇಜಿನಲ್ಲಿ ನಾನು ಸಿನಿಮಾದ ಪಾಠ ಮಾಡುತ್ತೇನೆಂದರೆ ಅಣ್ಣನಿಗೆ ಇವತ್ತಿಗೂ ನಗು. ಸಿನಿಮಾ ನೋಡುವುದಕ್ಕೂ ಸಂಬಳವೇ ಎನ್ನುತ್ತಾನೆ. ಅವನ ಬಾಯಿ ಮುಚ್ಚಿಸಲೆಂದೇ ಹೋದ ವರ್ಷ ಪ್ರೊಜೆಕ್ಟರ್ ಹೊತ್ತು ತಿಕೋಟಾದ ಅವನ ದ್ರಾಕ್ಷಿ ತೋಟಕ್ಕೆ ಹೋದೆ. ತೋರಿಸಲಿದ್ದದ್ದು ನೂರು ವರ್ಷಕ್ಕೂ ಹಳೆಯದಾದ ಒಂದು ಪುಟ್ಟ ಮೂಕಿ ಚಿತ್ರ.

ಪರದೆ ಬೇಕಲ್ಲ. ಅಣ್ಣ ಹಿಂದೆ ಮುಂದೆ ನೋಡದೆ ಒಣದ್ರಾಕ್ಷಿ ಶೆಡ್ಡಿನ ಪಡುವಣ ಬದಿಗೆ ಮಳೆಗೆ ಮರೆಯಾಗಿ ಕಟ್ಟಿದ್ದ ಬಿಳಿ ತಾಡಪತ್ರಿ ಬಿಚ್ಚಿ ಪಕ್ಕದ ಕೋಣೆಯ ಗೋಡೆಗೆ ಕಟ್ಟಿದ. ಒಳಗೆ ಬಲೆಗಳ ತುಂಬ ಆ ವರ್ಷದ ಅಷ್ಟೂ ಬೆಳೆ ಒಣಗುತ್ತಿತ್ತು. ಈ ಹೊತ್ತಿನಲ್ಲಿ ಮಳೆ ತಾಗಿದರೆ ಹಸಿರು ಬಣ್ಣ ಹೋಗಿ ಕಪ್ಪಾಗುತ್ತದೆ, ಆಮೇಲೆ ಕೇಳುವವರಿಲ್ಲ. ಶೆಡ್ಡಿನ ಉಸ್ತುವಾರಿ ಅಣ್ಣನ ಹೆಂಡತಿ, ನಮ್ಮ ವೈನಿಯದು. ಮೋಡ ಕೂಡುತ್ತಿದೆ ಎಂದು ಅವರು ಹೇಳಿದರು. ಅಷ್ಟರಲ್ಲಿ ಏನು ಮುಳುಗಿಹೋಗುತ್ತದೆ ಎಂದ ಅಣ್ಣ.

ಹೊತ್ತು ಮುಳುಗುತ್ತಲೇ ಚಿತ್ರ ಹಚ್ಚಿದೆ. ನಿಡೋಣಿಯಿಂದ ಕೆಲಸಕ್ಕೆ ಬಂದಿದ್ದ ಹೆಂಗಸರೂ ಅಂಗಳದಲ್ಲಿ ಕೂತರು. ಚಿತ್ರದಲ್ಲಿ, ಗಡಿಯಾರದ ಅಂಗಡಿಯಲ್ಲಿ ಹುಡುಗಿಯೊಬ್ಬಳೇ ಇದ್ದಾಳೆ. ಮಾಳಿಗೆಯ ಕಿಂಡಿಯಿಂದ ಕಳ್ಳ ಇಳಿಯುತ್ತಾನೆ. ಆಕೆ ದೊಡ್ಡ ಪೆಟ್ಟಿಗೆಯೊಳಗೆ ಅಡಗುತ್ತಾಳೆ. ಲಂಗದ ಅಂಚು ಮುಚ್ಚಳಕ್ಕೆ ಸಿಕ್ಕು ಹೊರಗೇ ಉಳಿಯುತ್ತದೆ. ಎಲ್ಲ ತಡಕಾಡಿ ದಣಿದ ಕಳ್ಳ ಅದೇ ಪೆಟ್ಟಿಗೆಯ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಾನೆ.

ಅಂಗಳದಲ್ಲಿ ಯಾರೂ ಉಸಿರೆತ್ತಲಿಲ್ಲ. ಅದಕ್ಕೇ ಗುಡುಗು ಅಷ್ಟು ಸ್ಪಷ್ಟ ಕೇಳಿತು. ಗಾಳಿಗೆ ತಾಡಪತ್ರಿ ಉಬ್ಬಿ, ಕಳ್ಳ ಇನ್ನಷ್ಟು ದಪ್ಪಗಾದ. ವೈನಿ ಎದ್ದು ನಿಂತರು. ಅವರ ಕಣ್ಣು ಒಮ್ಮೆ ಮುಗಿಲಿಗೆ, ಒಮ್ಮೆ ಆ ಲಂಗದ ಅಂಚಿಗೆ ಹೋಗುತ್ತಿತ್ತು.

"ಬಿಚ್ಚರಿ ಅದನ್ನ," ಎಂದರು.

"ತಡೀರಿ ಅಕ್ಕಾರ, ಅವ ಕೆಳಗ ನೋಡಾಕತ್ತಾನ," ಎಂದಳು ನಿಡೋಣಿಯ ಒಬ್ಬಾಕೆ.

ವೈನಿ ತಡೆಯಲಿಲ್ಲ. ಕುಡುಗೋಲು ತಂದು ಹಗ್ಗ ಕೊಯ್ದೇಬಿಟ್ಟರು. ತಾಡಪತ್ರಿ ಬಿತ್ತು, ಕಳ್ಳ ಇಟ್ಟಿಗೆ ಗೋಡೆಯ ಮೇಲೆ ಹೋಗಿ ಕೂತ. ಆಗ ಎಲ್ಲರೂ ಅದನ್ನು ಹೊತ್ತು ಶೆಡ್ಡಿಗೆ ಓಡಿದೆವು. ಕೊನೆಯ ಗಂಟು ಹಾಕುವಾಗ ಹನಿ ಕಲ್ಲಿನಂತೆ ಬೀಳುತ್ತಿದ್ದವು. ವೈನಿ ಕತ್ತಲಲ್ಲೇ ಬಲೆ ಬಲೆಗೂ ಕೈಯಾಡಿಸಿ ನೋಡಿದರು. ಒಂದು ಮೂಲೆ ಬಿಟ್ಟರೆ ಎಲ್ಲ ಒಣಗಿಯೇ ಇತ್ತು.

ತೊಯ್ದ ಸೆರಗು ಹಿಂಡುತ್ತ ವೈನಿ ಕೇಳಿದರು: "ಆಕಿ ಹೊರಗ ಬಂದ್ಳೇನ್ ತಂಗಿ?"

ಇದ್ದದ್ದನ್ನು ಹೇಳಿದೆ. ಕಳ್ಳ ಲಂಗದ ಅಂಚು ನೋಡುವಲ್ಲಿಗೆ ಚಿತ್ರ ಮುಗಿಯುತ್ತದೆ. ಮುಂದಿನ ರೀಲು ಕಳೆದುಹೋಗಿದೆ, ಎಲ್ಲೂ ಸಿಕ್ಕಿಲ್ಲ.

ವೈನಿ ಸೆರಗು ಹಿಂಡುವುದನ್ನು ನಿಲ್ಲಿಸಿದರು. "ಹಂಗಾರ ಆಕಿ ಇನ್ನೂ ಒಳಗ ಅದಾಳ," ಎಂದರು.

ಈ ವರ್ಷದ ಒಣದ್ರಾಕ್ಷಿ ಮೊನ್ನೆ ಬಂತು. ಚೆನ್ನಾಗಿದೆ ಎಂದು ಹೇಳಲು ಫೋನ್ ಮಾಡಿದರೆ, ವೈನಿ ಮೊದಲು ಕೇಳಿದ್ದು ಆ ರೀಲು ಸಿಕ್ಕಿತೇ ಎಂದು.