ಜೊತೆಗೆ ಹೋಗುವ ಕೆಲಸ

ಬೆಳಿಗ್ಗೆ ಕೆಳಗಿನ ಮಹಡಿಯಿಂದ ಅರಿಸಿನದ ವಾಸನೆ ಬಂತು. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಮದುವೆಯ ಸುದ್ದಿ ಮೊದಲು ಮೂಗಿಗೆ ತಿಳಿಯುತ್ತದೆ, ಆಮಂತ್ರಣ ಆಮೇಲೆ. ನನಗಂತೂ ಆಮಂತ್ರಣಕ್ಕಿಂತ ದೊಡ್ಡ ಮರ್ಯಾದೆಯಿದೆ: ಮದುಮಗಳ ಜೊತೆ ಅತ್ತೆಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವುದು. ವಿಜಯಪುರದ ಕಡೆಯ ನಾವು ಹುಡುಗಿಯನ್ನು ಒಬ್ಬಳನ್ನೇ ಕಳಿಸುವವರಲ್ಲ. ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕುತ್ತೀ ಎಂದು ಕೇಳಬೇಡಿ. ಅವಳ ಪಕ್ಕ ಕೂತು ಹೊಟ್ಟೆ ತುಂಬ ಉಣ್ಣುತ್ತೇನೆ. ನಾನು ನಾಚಿಕೆ ಬಿಟ್ಟು ಇನ್ನೊಂದು ಹೋಳಿಗೆ ಕೇಳಿದರೆ ಅವಳಿಗೂ ಕೇಳುವ ಧೈರ್ಯ ಬರುತ್ತದೆ.

ನನ್ನ ಈ ಬಡಾಯಿಯನ್ನು ಕಿವಿಗೊಟ್ಟು ಕೇಳಿದವಳು, ನನ್ನನ್ನು ಚಿಕ್ಕಮ್ಮನಂತೆ ಕಾಕು ಎಂದು ಕರೆಯುವ ರೇಣುಕಾ ಒಬ್ಬಳೇ. ಪಕ್ಕದ ಮನೆಯ, ಗೋಡೆ ಕಟ್ಟುವ ಗೌಂಡಿ ಮಲ್ಲಪ್ಪನ ಮಗಳು, ಅವರ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು. ಈಗ ಅಂಧೇರಿಯ ಕಾಲೇಜೊಂದರಲ್ಲಿ ಎಂ.ಎ. ಓದುತ್ತಾಳೆ. ಎಲ್ಲ ಬಗೆಯ ಮನೆಗಳ ಮಕ್ಕಳಿಗೂ ಕಾಲೇಜು ತಮ್ಮದೆನಿಸಬೇಕಾದರೆ ಏನು ಮಾಡಬೇಕು ಎನ್ನುವುದೇ ಅವಳ ಓದಿನ ವಿಷಯ. ಅದಕ್ಕೂ ಒಂದು ಡಿಗ್ರಿಯೇ ಎಂದು ನಾನು ನಕ್ಕಿದ್ದೆ.

ಈ ವರ್ಷ ದಹಿಸರ್‌ನಿಂದ ನಮ್ಮ ಕಡೆಯವರದೇ ಹುಡುಗಿ ಕವಿತಾ ಅದೇ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದಳು. ತಾಯಿ ಅವರಿವರ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಕ್ಲಾಸಿನ ಇಂಗ್ಲಿಷಿಗೂ ಉಳಿದವರ ನಗುವಿಗೂ ಹೆದರಿ ಕವಿತಾ ಬಾಗಿಲ ತನಕ ಬಂದು, ತಿರುಗಿ ಮನೆಯ ಕಡೆಯ ಲೋಕಲ್ ರೈಲು ಹಿಡಿಯುತ್ತಿದ್ದಳು. ಕಾಲೇಜು ಬಿಟ್ಟೇ ಬಿಡುತ್ತೇನೆ ಎಂದಾಗ ರೇಣುಕಾ ತನ್ನ ಪ್ರಾಧ್ಯಾಪಕರ ಬಳಿ ಹೋಗಿ, ಕೆಲವು ದಿನ ಅವಳ ಪಕ್ಕ ಕ್ಲಾಸಿನಲ್ಲಿ ಕೂರುತ್ತೇನೆ ಎಂದಳು. ಧಾರವಾಡದ ಕಡೆಯ ಅವರು ನಕ್ಕರಂತೆ.

"ಕಾಲೇಜ್ ಅಂದ್ರ ಅತ್ತಿಮನಿ ಏನವಾ?"

"ಆಕಿಗೆ ಹಂಗ ಅನಸಾಕತ್ತೈತ್ರಿ ಸರ್."

ಸರ್ ಒಪ್ಪಿದರು. ಎಂ.ಎ. ಓದುವ ರೇಣುಕಾ ಮೊದಲ ವರ್ಷದ ಪಾಠದಲ್ಲಿ ಎದ್ದು ನಿಂತು, "ಸರ್, ಫಿರ್ ಸೆ ಬತಾಯಿಯೇ" ಎಂದು, ಇನ್ನೊಮ್ಮೆ ಹೇಳಿಕೊಡಿರೆಂದು ಹಿಂದಿಯಲ್ಲಿ ಬೇಕೆಂದೇ ಕೇಳತೊಡಗಿದಳು. ಕ್ಲಾಸು ಅವಳನ್ನು ನೋಡಿ ನಕ್ಕಿತು. ನಗಲಿ ಬಿಡು ಕಾಕು, ಆ ನಗು ಕವಿತಾಗೆ ತಾಗಲಿಲ್ಲವಲ್ಲ ಎಂದು ನನ್ನ ಮುಂದೆ ಅಂದಿದ್ದಳು.

ಇವತ್ತು ಮಧ್ಯಾಹ್ನ ಅವಳ ಫೋನ್ ಬಂತು.

"ಕಾಕು, ಕವಿತಾ ಕ್ಲಾಸಿನ ಬಾಗಲ್ದಾಗ ನನ್ನ ತಡದ್ಳು. 'ದೀದಿ, ನೀವಿನ್ನ ಹೋಗ್ರಿ, ನಾ ಒಬ್ಬಾಕಿನ ಕೂಡ್ತೀನಿ' ಅಂದ್ಳು. ಒಳಗ ಹೋಗಿ ಎದ್ದ ನಿಂತ ಪ್ರಶ್ನೆ ಕೇಳಿದ್ಳು. ನಾ ಹೊರಗ ನಿಂತ ಕೇಳಸ್ಕೊಂಡೆ."

ಸುಳ್ಳೇಕೆ ಹೇಳಲಿ, ನನಗೆ ಅಳುವೇ ಬಂತು. ಮದುಮಗಳ ಜೊತೆ ಹೋದವಳನ್ನು ಸೀರೆ ಕೊಟ್ಟು ಕಳಿಸುವುದು ವಾಡಿಕೆ. ನನ್ನ ಕಪಾಟಿನಲ್ಲಿ ಅಂಥ ಸೀರೆ ಬೇಕಾದಷ್ಟಿವೆ, 'ನೀವಿನ್ನ ಹೋಗ್ರಿ' ಎಂಬಂಥ ಮಾತು ಒಂದೂ ಇಲ್ಲ. ನಮ್ಮ ರೇಣುಕಾ ನನ್ನನ್ನು ಮೀರಿಸಿದಳು.

ಸಂಜೆ ಕೆಲಸದಿಂದ ಬರುತ್ತಿದ್ದ ಅವಳಪ್ಪನನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿದೆ.

"ಮಲ್ಲಪ್ಪಾ, ನಿನ್ನ ಮಗಳನ್ನ ಇವತ್ತ ಕ್ಲಾಸಿಂದ ಹೊರಗ ಕಳಿಸ್ಯಾರ. ಹೋಗು, ಪೇಢೆ ತಗೊಂಡ ಬಾ."