ನಾಗಲಕ್ಷ್ಮಿ ಮೇಷ್ಟ್ರಿಗೆ ಶೂ ಸಿಕ್ಕಿದ್ದು

ಹಾಸನದ ಹತ್ತಿರದ ದುದ್ದ ಊರಿನ ನಾಗಲಕ್ಷ್ಮಿ ನಾಟಕದ ಮೇಷ್ಟ್ರು. ಊರೂರಿನ ರೈತರಿಗೆ ಪೌರಾಣಿಕ ನಾಟಕ ಕಲಿಸಿ, ಪ್ರದರ್ಶನದ ದಿನ ಸ್ಟೇಜಿನ ಮೇಲೆ ಒಂದು ಪಕ್ಕದಲ್ಲಿ ಕೂತು ಕಾಲು ಹಾರ್ಮೋನಿಯಂ ನುಡಿಸುತ್ತಾಳೆ. ಮೇಲೆ ಬೆರಳು ಓಡುತ್ತಿದ್ದರೆ ಕೆಳಗೆ ಎರಡೂ ಪಾದ ಪೆಡಲು ತುಳಿದು ಗಾಳಿ ತುಂಬುತ್ತಲೇ ಇರಬೇಕು. ವಿದ್ಯೆ ಅಪ್ಪನದು. ಅಪ್ಪ ಬರಿಗಾಲಲ್ಲಿ ತುಳಿಯುತ್ತಿದ್ದ, ಇವಳೂ ಹಾಗೇ ಕಲಿತಳು.

ಹೋದ ವರ್ಷ ಹಾಲು ಕರೆಯುವಾಗ ಸೀಮೆ ಹಸು ಅವಳ ಬಲಗಾಲಿನ ಹೆಬ್ಬೆರಳು ತುಳಿಯಿತು. ಮೂಳೆಯೇನೋ ಕೂಡಿತು. ಆದರೆ ಬರಿಗಾಲಲ್ಲಿ ಪೆಡಲು ಒತ್ತಿದರೆ ಜೀವ ಹೋದಂತಾಗುತ್ತಿತ್ತು. ಆಗ ಅವಳ ಹತ್ತಿರ ನಾಟಕ ಕಲಿಯುತ್ತಿದ್ದ ಬಾಗೂರಿನವರು ಹಾಸನದಲ್ಲಿ ಹಗಲು ನಾಟಕ ಗೊತ್ತುಮಾಡಿಬಿಟ್ಟಿದ್ದರು. ಬಾಗೂರಿಗೆ ಪ್ರಾಕ್ಟೀಸಿಗೆ ಹೊರಟವಳು ಹಾರ್ಮೋನಿಯಂ ಹೇರಿದ್ದ ಲಗೇಜ್ ಆಟೋವನ್ನು ಹಾಸನದಲ್ಲಿ ಮೋಹನ್‌ಕುಮಾರನ ಚಪ್ಪಲಿ ಅಂಗಡಿ ಮುಂದೆ ನಿಲ್ಲಿಸಿದಳು.

"ವಾಕಿಂಗ್‌ಗಾ ಅಕ್ಕ, ಮದ್ವೆಗಾ?" ಎಂದ ಮೋಹನ್‌ಕುಮಾರ.

"ಎರಡಕ್ಕೂ ಅಲ್ಲ ಕಣಪ್ಪ. ಕೂತ್ಕಂಡು ತುಳಿಯಕ್ಕೆ."

"ಓ, ಬಟ್ಟೆ ಒಲೀತೀರಾ?"

"ನಾಟಕ ಆಡುಸ್ತೀನಿ. ಗಾಳೀಲಿ ತುಳುದ್ರೆ ಗೊತ್ತಾಗಕಿಲ್ಲ, ಹಾರ್ಮೋನಿಯಂ ಪೆಟ್ಟಿಗೆ ಇಳ್ಸನಾ?"

ಮೋಹನ್‌ಕುಮಾರನಿಗೆ ಖುಷಿಯೋ ಖುಷಿ. ಆಟೋದವನ ಜೊತೆ ತಾನೂ ಕೈಹಾಕಿ ಪೆಟ್ಟಿಗೆ ಇಳಿಸಿ, ಅಂಗಡಿಯ ಸ್ಟೂಲು ತಂದಿಟ್ಟ. ಮೊದಲು ಸ್ಪೋರ್ಟ್ಸ್ ಶೂ. ಅಟ್ಟೆ ಎಷ್ಟು ದಪ್ಪವೆಂದರೆ ಪೆಡಲು ಮೇಲಿದೆಯೋ ಕೆಳಗಿದೆಯೋ ಕಾಲಿಗೆ ತಿಳಿಯಲೇ ಇಲ್ಲ. ಸ್ಯಾಂಡಲ್ಲಿನ ಹಿಮ್ಮಡಿ ಪೆಡಲಿಗೆ ಸಿಕ್ಕಿಹಾಕಿಕೊಂಡಿತು. ಹವಾಯಿ ಚಪ್ಪಲಿ ಪಟಪಟ ಎಂದು ತಾನೇ ತಾಳ ಹಾಕತೊಡಗಿತು.

"ಇದು ನನಗಿಂತ ಜೋರಾಗಿ ನುಡೀತದೆ!" ಎಂದು ಅವಳೇ ನಕ್ಕಳು.

ಜನ ಸೇರಿದರು. ಕೊನೆಗೆ ಸ್ಕೂಲ್ ಮಕ್ಕಳು ಹಾಕುವ ಬಿಳಿ ಕ್ಯಾನ್ವಾಸ್ ಶೂ ಬಂತು. ತೆಳು ರಬ್ಬರು ಜಾರಲಿಲ್ಲ, ಮುಂಭಾಗ ಅಗಲವಾಗಿದ್ದು ಹೆಬ್ಬೆರಳಿಗೆ ಒತ್ತಲಿಲ್ಲ. ಪೆಡಲಿನ ಏರಿಳಿತ ಅಂಗಾಲಿಗೆ ಚೆನ್ನಾಗಿ ತಿಳಿಯಿತು. ಅವಳು ಕಣ್ಣುಮುಚ್ಚಿ ಒಂದು ಹಾಡನ್ನು ಪೂರ್ತಿ ನುಡಿಸಿಯೇ ಎದ್ದಳು. ಪಕ್ಕದಲ್ಲಿ ಹೂವು ಮಾರುವ ಸಣ್ಣಕ್ಕ ಒಂದು ಮೊಳ ಮಲ್ಲಿಗೆ ಹರಿದು, "ಮುಡ್ಕಳವ್ವ, ಬೆಳಗ್ಗಿಂದ ಇದ್ದ ಬೇಜಾರೆಲ್ಲ ಓಯ್ತು" ಎಂದಳು.

ಬಾಗೂರಿನಲ್ಲಿ ಮಾತ್ರ ತಕರಾರು ಎದ್ದಿತು. ಮಹಾರಾಜನ ಪಾತ್ರದ ರಾಮಣ್ಣ ಹಿರಿಯರು, ಕಟ್ಟುನಿಟ್ಟಿನ ಮನುಷ್ಯ. ಶೂ ನೋಡಿ ಹುಬ್ಬು ಗಂಟಿಕ್ಕಿದರು.

"ಪೂಜೆ ಆದ್ಮೇಲೆ ಸ್ಟೇಜ್ ಮ್ಯಾಲೆ ಮೆಟ್ಟು ಹಾಕಂಗಿಲ್ಲ ಕಣಮ್ಮ."

"ಮಾರಾಜನ ವೇಷಕ್ಕೆ ನೀವ್ ಆಕ್ಕೊಳೋ ಜರಿ ಜೋಡು ಮೆಟ್ಟಲ್ವಾ ಗೌಡ್ರೇ?"

"ಅದು ಡ್ರೆಸ್ಸು!"

"ಇದು ಪೆಟ್ಟಿಗೆ ಸಾಮಾನು. ಬೀದೀಲಿ ಮೆಟ್ಟಕಿಲ್ಲ, ಪೆಡಲ್ ಬಿಟ್ಟು ಇನ್ನೇನೂ ತುಳಿಯಕಿಲ್ಲ."

ರಾಮಣ್ಣ ಮೀಸೆ ತೀಡಿದರು. ಸುತ್ತ ಕೂತ ಸೈನಿಕರು ಮಂತ್ರಿಗಳೆಲ್ಲ ನಗು ತಡೆದುಕೊಂಡಿದ್ದರು. "ಮಾತ್ನಲ್ಲೂ ಮೇಷ್ಟ್ರೇ ನೀನು. ಅಂಗೇ ಮಾಡು, ಓಗು" ಎಂದು ಕೊನೆಗೆ ಅವರೇ ನಕ್ಕರು.

ನಾಟಕದ ದಿನ ಹಾಲ್ ತುಂಬಿತ್ತು. ಮಧ್ಯಾಹ್ನ ಕಳೆದರೂ ನಾಗಲಕ್ಷ್ಮಿಯ ಕಾಲು ದಣಿಯಲಿಲ್ಲ. ಹೆಬ್ಬೆರಳೊಂದಿದೆ ಎಂಬುದನ್ನೇ ಅವಳು ಮರೆತಿದ್ದಳು. ರಾಮಣ್ಣನವರ ಹಾಡಿಗೆ ಜನ "ಒನ್ಸ್ ಮೋರ್" ಎಂದು ಕೂಗಿದರು, ಮತ್ತೆ ಹಾಡಿಸಿದರು, ಮತ್ತೂ ಬಿಡಲಿಲ್ಲ. ಬೆವರಿ ತೊಪ್ಪೆಯಾದ ಮಹಾರಾಜರು ಹಾರ್ಮೋನಿಯಂ ಕಡೆಗೆ ಬಗ್ಗಿ ಪಿಸುಗುಟ್ಟಿದರು: "ಪೆಟ್ಟಿಗೇಲಿ ಇನ್ನೊಂಚೂರು ರಾಗ ಎಳಿ ಮೇಷ್ಟ್ರೇ, ಉಸ್ರು ತಗತೀನಿ."

ಅವಳು ಹಲ್ಲು ಬಿಟ್ಟು ನಗುತ್ತ ಎಳೆದಳು.