ತಂಗಿಯ ಮಗನಿಗೆ ರಕ್ತಪರೀಕ್ಷೆ ಕೇಳಿದ್ದು

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರ ಮಾಡಿ ಮೇಲೆ ಬಂದವನು ನಾನು. ಮೊದಲ ದರಕ್ಕೆ ಹೂಂ ಅಂದವನಲ್ಲ. ಹೀಗಾಗಿ ನನ್ನ ಮಾತಿನ ಹಿಂದೆ ಇನ್ನೊಂದು ಮಾತಿದೆ ಎಂದೇ ಜನ ತಿಳಿಯುತ್ತಾರೆ. ಆ ಹೆಸರು ವ್ಯಾಪಾರಕ್ಕೆ ಒಳ್ಳೆಯದು, ಮನೆಗಲ್ಲ.

ನನ್ನ ಮಗಳನ್ನು ಚಿತ್ತಾಪುರದ ತಂಗಿಯ ಮಗನಿಗೆ ಕೊಡುವುದು ಅವರು ಚಿಕ್ಕವರಿದ್ದಾಗಲೇ ಆದ ಮಾತು. ನಮ್ಮಲ್ಲಿ ಅಣ್ಣನ ಮಗಳ ಮೇಲೆ ತಂಗಿಗೆ ಹಕ್ಕು. ಮಕ್ಕಳಿಗೂ ಒಪ್ಪಿಗೆಯಿತ್ತು. ಸೋಮವಾರ ಬಾಯಿ ಸಿಹಿ ಮಾಡಿ ಸಂಬಂಧ ಗಟ್ಟಿ ಮಾಡುವುದೆಂದು ಗೊತ್ತಾದ ಮೇಲೆ, ಒಬ್ಬ ಡಾಕ್ಟರಮ್ಮ ಹೊಸ ಮನೆಗೆ ಕಲ್ಲು ನೋಡಲು ಬಂದರು. ದರದ ಜಗ್ಗಾಟದ ನಡುವೆ, 'ಮಗಳ ಮದುವಿ ಅದ್ರಿ, ನನಗೂ ಉಳೀಬೇಕಲ್ರಿ' ಅಂದೆ. ಯಾರಿಗೆ ಕೊಡುತ್ತೀರಿ ಎಂದರು. ಹೇಳಿದೆ. ತಂಗಿಯ ಎರಡನೆಯ ಕೂಸು ಕತ್ತು ನಿಲ್ಲದೆ, ಕಾಲು ಎತ್ತದೆ, ವರ್ಷ ತುಂಬುವ ಮೊದಲೇ ಉಸಿರು ಸಾಲದೆ ಹೋಯಿತೆಂಬುದೂ ಬಾಯಿಗೆ ಬಂತು. ಹೈದರಾಬಾದಿನಲ್ಲಿ ರಕ್ತ ನೋಡಿ ಹೇಳಿದ್ದ ರೋಗದ ಹೆಸರು ಅರ್ಧ ನೆನಪಿತ್ತು. ಅಷ್ಟಕ್ಕೇ ಅವರು ದರದ ಮಾತು ಬಿಟ್ಟರು.

ಸೀಮೆಸುಣ್ಣದಿಂದ ಕಲ್ಲಿನ ಮೇಲೆ ದೊಡ್ಡದೊಂದು ವೃತ್ತ, ಅದರೊಳಗೆ ಚಿಕ್ಕದೊಂದು ಬರೆದರು.

'ಇದು ಜೀವಕೋಶ, ಒಳಗಿಂದು ಅದರ ಕೇಂದ್ರ. ಜೀನಿನ ನಕಲು ಇಲ್ಲಿ ತಯಾರಾಗ್ತದ. ನಕಲಿನಾಗ ಬ್ಯಾಡಾದ ತುಂಡು ಇರ್ತಾವ, ಕತ್ತರಿಸಿ ತೆಗೀಬೇಕು. ಅದಕ್ಕ ಸಣ್ಣ ಸಣ್ಣ ಆರ್‌ಎನ್‌ಎ ಅದಾವ. ಅವೂ ಒಳಗೇ ಹುಟ್ತಾವ, ಆದ್ರ ಹಸಿ. ಹೊರಗ ಬಂದು, ಪ್ರೋಟೀನಿನ ಉಂಗುರ ತೊಟ್ಟು, ತುದಿ ಸವರಿಸ್ಕೊಂಡು, ತಿರುಗಿ ಒಳಗ ಹೋದಮ್ಯಾಲೇ ಕೆಲಸ.'

'ನಮ್ಮ ಗಣಿ ಉಳಿ ಇದ್ದಂಗ್ರಿ. ಕಮ್ಮಾರನ ಕುಲುಮಿಗೆ ಹೋಗಿ ಹದ ಆಗಿ ಬಂದ್ರೇನ ಕಲ್ಲು ಒಡೀತದ.'

'ಹಾಂ. ಉಂಗುರ ತೊಡಸೋ ಆ ಕಮ್ಮಾರನೂ ಒಂದು ಪ್ರೋಟೀನು, ಅದೇ ಇಂಥಾ ಕೂಸುಗಳಿಗೆ ಸಾಲಂಗಿಲ್ಲ. ಸ್ನಾಯು ನಡಸೋ ನರಗಳೇ ಯಾಕ ಮೊದಲು ಸಾಯ್ತಾವ ಅಂತ ಇನ್ನಾ ಪೂರ್ತಿ ತಿಳಿದಿಲ್ಲ.'

ಆ ಕಮ್ಮಾರನ ಜೀನು ತಂದೆಯಿಂದೊಂದು, ತಾಯಿಯಿಂದೊಂದು ಬರುತ್ತದಂತೆ. ಒಂದು ಕೆಟ್ಟರೂ ಆಳು ಗಟ್ಟಿಯಾಗಿಯೇ ಇರುತ್ತಾನೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟಿದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ತಂಗಿಯಲ್ಲಿ ಒಂದು ಕೆಟ್ಟಿರುವುದರಿಂದ, ಅವಳ ಒಡಹುಟ್ಟಿದ ನನ್ನಲ್ಲೂ, ನನ್ನಿಂದ ಮಗಳಲ್ಲೂ ಅದು ಇರಬಹುದು.

'ಅದನ್ನ ಏನರೆ ಮಾಡಿ ಇಳಸಾಕ ಬರ್ತದೇನ್ರಿ?'

'ಇದು ಪರ್ಸಿ ಅಲ್ರಿ ಸಾವಕಾರ್ರೆ. ಬಸುರಾದಾಗ ಪರೀಕ್ಷಾ ಮಾಡಬಹುದು. ಮೊದಲು ಹುಡುಗ ಹುಡುಗಿ ಇಬ್ಬರ ರಕ್ತ ನೋಡಸ್ರಿ.'

ಮರುದಿನ ಚಿತ್ತಾಪುರಕ್ಕೆ ಹೋದೆ. ನನ್ನ ಮಾತು ಮುಗಿಯುವ ಮೊದಲೇ ತಂಗಿಯ ಮುಖ ಬಿಗಿಯಿತು.

'ಅಣ್ಣಾ, ಬಂಗಾರ ಕಮ್ಮಿ ಹಾಕಬೇಕಂದ್ರ ನೆಟ್ಟಗ ಹೇಳು. ನನ್ನ ಮಗನ ರಕ್ತಕ್ಕ ಯಾಕ ಹೆಸರಿಡ್ತಿ?'

'ನನ್ನ ಮಗಳ ರಕ್ತನೂ ಕೊಡಸ್ತೀನವ್ವ.'

'ನೀ ಗಣ್ಯಾಗ ಕಲ್ಲು ತಗೊಳ್ಳೋದು ನೋಡೀನಿ. ಮೊದಲು ಬಿರುಕು ತೋರಸ್ತಿ, ಆಮ್ಯಾಲ ದರ ಮುರೀತಿ.'

ಅದು ಸುಳ್ಳಲ್ಲ. ಬಂಗಾರ, ಊಟ, ಎಲ್ಲ ನೀನು ಹೇಳಿದಂತೆಯೇ ಆಗಲಿ ಎಂದೆ. ನಾನು ಅಷ್ಟು ಸಲೀಸಾಗಿ ಸೋತದ್ದನ್ನು ಕಂಡು ಅವಳ ಅನುಮಾನ ಹೆಚ್ಚೇ ಆಯಿತು. ಕೊನೆಗೆ ಅಳಿಯನೇ ಎದ್ದು ಅಂಗಿಯ ತೋಳು ಮಡಿಸಿದ.

'ಯವ್ವಾ, ಸೂಜಿ ಚುಚ್ಚೋದು ನನಗ, ನೀ ಯಾಕ ಒದರಾಕತ್ತಿ? ನಡಿ ಮಾವ.'

ಸೋಮವಾರ ಹಾಗೆಯೇ ಕಳೆಯಿತು. ತಂಗಿ ಫೋನು ಎತ್ತುತ್ತಿರಲಿಲ್ಲ. ಮಗಳು ಊಟದ ತಾಟಿನ ಮುಂದೆ ಕುಳಿತು ಉಣ್ಣದೆ ಏಳುತ್ತಿದ್ದಳು. ನಾನು ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಮನೆತನದಲ್ಲಿ ಅಂಥ ಕೂಸು ಹೋಗಿದ್ದರೆ ಮಾತು ಕಟ್ಟುವ ಮೊದಲೇ ರಕ್ತ ನೋಡಿಸಿ. ಕಟ್ಟಿದ ಮೇಲೆ ಬಿಚ್ಚುವುದು ಭಾಳ ಕಷ್ಟ.

ವರದಿ ಬಂತು. ಇಬ್ಬರಲ್ಲೂ ಒಂದೊಂದು ಜೀನು ಕೆಟ್ಟಿತ್ತು.

ಮಗಳನ್ನು ಕರೆದುಕೊಂಡೇ ಚಿತ್ತಾಪುರಕ್ಕೆ ಹೋದೆ. ಬಸುರಿನಲ್ಲಿ ಪರೀಕ್ಷೆ ಮಾಡಬಹುದೆಂಬುದನ್ನೂ ಮುಚ್ಚಿಡದೆ ಹೇಳಿದೆ. ತಂಗಿ ವರದಿಯನ್ನು ಮಡಿಸಿ ನನ್ನ ಕೈಗಿಟ್ಟಳು.

'ಆ ಕೂಸಿಗೆ ಅಳಾಕೂ ತ್ರಾಣ ಇದ್ದಿಲ್ಲಣ್ಣಾ. ಕಣ್ಣು ಮಾತ್ರ ನನ್ನ ಮಾರಿ ಮ್ಯಾಲೆ. ಈ ಹುಡುಗಿ ತೊಡಿ ಮ್ಯಾಲ ಅದನ್ನ ನೋಡಾಕ ನನ್ನ ಕೈಲೆ ಆಗಂಗಿಲ್ಲ.' ಮಗನತ್ತ ತಿರುಗಿದಳು. 'ನೀವಿಬ್ರೂ ಏನಂತೀರಿ, ಹೇಳ್ರಿ.'

ಅಳಿಯ ನನ್ನ ಮಗಳನ್ನು ನೋಡಿದ. 'ಬ್ಯಾಡ ಅತ್ತಿ,' ಅಂದಳು ಅವಳು. 'ಪ್ರತಿ ಸಲ ಅಂಜಿ ಅಂಜಿ ಕಾಯಾಕ ನನಗೂ ಆಗಂಗಿಲ್ಲ.'

ಅವನು ಎದ್ದು ಹೋಗಿ ಗಾಡಿ ಚಾಲೂ ಮಾಡಿದ. ವಾಡಿ ಸ್ಟೇಷನ್ನಿನವರೆಗೆ ನಮ್ಮನ್ನು ಬಿಟ್ಟ. ಯಾವಾಗಲೂ ಅವನ ಪಕ್ಕದಲ್ಲಿ ಕೂರುತ್ತಿದ್ದ ಮಗಳು ಅಂದು ಹಿಂದಿನ ಸೀಟಿಗೆ ಹೋದಳು. ನಾನು ಮುಂದೆ ಕುಳಿತೆ.